ಹೊಸ ಸೆಡಾನ್‌ನ ಅಂದ ಮತ್ತು ಡಿಕ್ಕಿ: ಪರೀಕ್ಷೆಗೆ ಮುಖ್ಯಾಂಶಗಳು, ರಾಯಚೂರು–ದೇವದುರ್ಗ–ಮಾನ್ವಿ ರಸ್ತೆಯ ಉದಾಹರಣೆಗಳೊಂದಿಗೆ

ಓದುವ ಮುನ್ನ

ಮೋಟಾರು ವಾಹನ ನಿರೀಕ್ಷಕರ ಪರೀಕ್ಷೆಗೆ, ಐಟಿಐ ಮತ್ತು ಡಿಪ್ಲೊಮಾದ ಆಟೊಮೊಬೈಲ್ ಪತ್ರಿಕೆಗೆ ಓದುವವರು ಎಂಜಿನ್, ಗೇರ್, ಬ್ರೇಕ್‌ಗೆ ಪುಟಗಟ್ಟಲೆ ನೋಟ್ಸ್ ಮಾಡಿಕೊಳ್ಳುತ್ತಾರೆ. ಬಾಡಿ ಅಧ್ಯಾಯ ಬಂದರೆ ಎರಡು ಸಾಲಿಗೆ ಪೆನ್ನು ನಿಲ್ಲುತ್ತದೆ. ಆದರೆ ರಾಯಚೂರಿನ ಶೋರೂಮಿಗೆ ಬಂದ ಮಾನ್ವಿಯ ರೈತರಾಗಲಿ, ದೇವದುರ್ಗದ ಮೇಷ್ಟ್ರಾಗಲಿ ಮೊದಲು ನೋಡುವುದು ಬಾಡಿಯನ್ನೇ. ಎದುರಿಗೆ ನಿಂತು ಕಾರಿನ ಮುಖ ನೋಡುತ್ತಾರೆ, ಹಿಂದೆ ಹೋಗಿ ಡಿಕ್ಕಿ ತೆಗೆಸುತ್ತಾರೆ. ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬಲ್ಲವನೇ ಈ ವಿಷಯ ಓದಿದವನು.

ಇಡೀ ಟಿಪ್ಪಣಿಯನ್ನು ಹಿಡಿದಿಟ್ಟಿರುವ ಮಾತು ಒಂದೇ. ಸೆಡಾನ್‌ನ ಅಂದಕ್ಕೆ ಬೇರೆ, ಡಿಕ್ಕಿಗೆ ಬೇರೆ ಅಂಕ ಕೊಡಲು ಬರುವುದಿಲ್ಲ. ಛಾವಣಿಯಿಂದ ಹಿಂದಿನ ಗಾಜಿನ ಮೇಲೆ ಹಾದು ಡಿಕ್ಕಿ ಮುಚ್ಚಳದ ತುದಿಗೆ ಇಳಿಯುವ ಗೆರೆ ಎರಡನ್ನೂ ತೀರ್ಮಾನಿಸುತ್ತದೆ. ಆ ಗೆರೆ ಎಲ್ಲಿ ಬಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ನೋಡಲು ಕಲಿತವರಿಗೆ ಉಳಿದದ್ದು ಸುಲಭ.

ವ್ಯಾಖ್ಯೆಗಳು

- ಸೆಡಾನ್ ಎಂದರೆ ಮೂರು ಪೆಟ್ಟಿಗೆಯ ಕಾರು: ಎಂಜಿನ್‌ಗೆ ಒಂದು, ಜನರಿಗೆ ಒಂದು, ಸಾಮಾನಿಗೆ ಒಂದು. 1983ರಲ್ಲಿ ಬಂದ ಮಾರುತಿ 800 ಎರಡು ಪೆಟ್ಟಿಗೆಯದು. ಮಾರುತಿ ಓಮ್ನಿ ಒಂದೇ ಪೆಟ್ಟಿಗೆಯದು.
- ವೀಲ್‌ಬೇಸ್: ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಅಂತರ.
- ಓವರ್‌ಹ್ಯಾಂಗ್: ಚಕ್ರದಾಚೆಗೆ ಚಾಚಿದ ಭಾಗ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 93ನೇ ನಿಯಮದಂತೆ ಹಿಂದಿನ ಓವರ್‌ಹ್ಯಾಂಗ್ ವೀಲ್‌ಬೇಸ್‌ನ ಶೇ 60 ಮೀರಬಾರದು.
- ಸಿ–ಪಿಲ್ಲರ್: ಹಿಂದಿನ ಬಾಗಿಲಿನ ಆಚೆ ಛಾವಣಿಯನ್ನು ಹೊತ್ತ ಕಂಬ. ಸೆಡಾನ್ ಚೆಂದವೋ ಅಲ್ಲವೋ ಎಂಬುದು ಬಹುಪಾಲು ಇಲ್ಲೇ ಗೊತ್ತಾಗುತ್ತದೆ.
- ನಾಚ್‌ಬ್ಯಾಕ್: ಹಿಂದಿನ ಗಾಜು ಇಳಿದು, ಮಟ್ಟಸವಾದ ಡಿಕ್ಕಿ ಮುಚ್ಚಳ ಬೇರೆಯಾಗಿ ಕಾಣುವ ಆಕಾರ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಈ ಬಗೆಯವು.
- ಫಾಸ್ಟ್‌ಬ್ಯಾಕ್: ಛಾವಣಿ ಒಂದೇ ಇಳಿಜಾರಿನಲ್ಲಿ ಬಾಲದವರೆಗೆ ಹರಿಯುವ ಆಕಾರ. 2023ರ ಹ್ಯುಂಡೈ ವರ್ನಾ ಇದಕ್ಕೆ ಹತ್ತಿರ.
- ಲಿಫ್ಟ್‌ಬ್ಯಾಕ್: ನೋಡಲು ಸೆಡಾನ್, ಆದರೆ ಹಿಂದಿನ ಗಾಜೂ ಮುಚ್ಚಳದ ಜೊತೆ ಮೇಲೇಳುತ್ತದೆ. ಸ್ಕೋಡಾ ಆಕ್ಟೇವಿಯಾ ಪ್ರಸಿದ್ಧ ಉದಾಹರಣೆ. ಇದನ್ನು ಸೆಡಾನ್ ಪಟ್ಟಿಗೆ ಸೇರಿಸಿ ಅಂಕ ಕಳೆದುಕೊಳ್ಳುವವರು ಬಹಳ.

4 ಮೀಟರ್ ಗೆರೆ

ಇದು ಕಾರಣಸಹಿತ ಬರೆಯಬೇಕಾದ ಪ್ರಶ್ನೆ. ಭಾರತದ ಚಿಕ್ಕ ಸೆಡಾನ್‌ಗೆ ಅದರ ಈಗಿನ ಆಕಾರ ಬಂದದ್ದು ತೆರಿಗೆಯಿಂದ. 2006–07ರ ಕೇಂದ್ರ ಬಜೆಟ್‌ನಲ್ಲಿ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಲಾಯಿತು. ಚಿಕ್ಕ ಕಾರು ಎನಿಸಿಕೊಳ್ಳಲು ಉದ್ದ 4,000 ಮಿ.ಮೀ. ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ಮೀರಬಾರದು. ಎರಡು ಪೆಟ್ಟಿಗೆಯ ಕಾರಿಗೆ ಇದು ತೊಂದರೆಯೇ ಅಲ್ಲ. ಮೂರನೆಯ ಪೆಟ್ಟಿಗೆ ಬೇಕೆನ್ನುವ ಕಾರಿಗೆ ಮಾತ್ರ ಪ್ರತಿ ಬೆರಳಗಲ ಜಾಗಕ್ಕೂ ಲೆಕ್ಕ ಹಾಕಬೇಕಾಯಿತು.

ಮೊದಲು ಆ ಗೆರೆಯೊಳಗೆ ಬಂದದ್ದು 2008ರ ಟಾಟಾ ಇಂಡಿಗೊ ಸಿಎಸ್, ಉದ್ದ 3,988 ಮಿ.ಮೀ. ಇಂಡಿಗೊದ ಹಿಂಭಾಗವನ್ನು ಮೊಟಕುಗೊಳಿಸಿ ಮಾಡಿದ ಕಾರು ಅದು.

ಜಿಎಸ್‌ಟಿ ಬಂದ ಮೇಲೂ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಇದೇ ಉದ್ದ, ಇದೇ ಸಿಸಿಯೊಳಗಿನ ಕಾರಿಗೆ ಶೇ 18, ಅದನ್ನು ಮೀರಿದ್ದಕ್ಕೆ ಶೇ 40. ಅದಕ್ಕೂ ಮುಂಚೆ ಚಿಕ್ಕ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29, ಚಿಕ್ಕ ಡೀಸೆಲ್ ಕಾರಿಗೆ ಶೇ 31 ಇತ್ತು. ಈಗ 4,000 ಮಿ.ಮೀ. ಗೆರೆಯನ್ನು ಒಂದಿಷ್ಟು ಮೀರಿದರೂ ತೆರಿಗೆ ಎರಡು ಪಟ್ಟಿಗಿಂತ ಹೆಚ್ಚು. 3,995 ಎಂಬ ಅಂಕಿ ಹಲವು ಕಂಪನಿಗಳ ಕ್ಯಾಟಲಾಗ್‌ನಲ್ಲೂ ಪದೇಪದೇ ಕಾಣುವುದು ಇದಕ್ಕೇ.

ಹೋಲಿಕೆಗೆ ಅಂಬಾಸಡರ್ ತೆಗೆದುಕೊಳ್ಳಿ. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಮೂಲದ ಆ ಕಾರಿನ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರ ಮೇವರೆಗೂ ನಡೆಯಿತು. ಅದರ ವೀಲ್‌ಬೇಸ್ ಸುಮಾರು 2,464 ಮಿ.ಮೀ., ಇಂದಿನ ಮಾರುತಿ ಡಿಜೈರ್‌ನದು 2,450. ಚಕ್ರದಿಂದ ಚಕ್ರಕ್ಕೆ ಎರಡೂ ಹೆಚ್ಚುಕಡಿಮೆ ಸಮ. ಒಟ್ಟು ಉದ್ದದಲ್ಲಿ ಮಾತ್ರ ಅಂಬಾಸಡರ್ ಒಂದಡಿಗೂ ಹೆಚ್ಚು ಮುಂದಿದೆ. ಆ ಒಂದಡಿ ಓವರ್‌ಹ್ಯಾಂಗ್‌ನಲ್ಲಿ ಹೋಗಿದೆ. ಹಳೆಯ ಸೆಡಾನ್‌ಗಳ ಬಾಲ ಹಾಯಾಗಿ ಚಾಚಿಕೊಂಡಿದ್ದರೆ ಈಗಿನವು ಮುದುಡಿಕೊಂಡಂತೆ ಕಾಣಲು ಕಾರಣ ಇಷ್ಟೇ.

ಡಿಜೈರ್: ಈ ಅಧ್ಯಾಯದ ಮುಖ್ಯ ಉದಾಹರಣೆ

ಕೆಎ–36 ನೋಂದಣಿಯ ಸೆಡಾನ್‌ಗಳಲ್ಲಿ, ಅದರಲ್ಲೂ ಟ್ಯಾಕ್ಸಿಯಲ್ಲಿ, ಕಣ್ಣಿಗೆ ಹೆಚ್ಚು ಬೀಳುವ ಹೆಸರು ಮಾರುತಿ ಡಿಜೈರ್. ಅದರ ನಾಲ್ಕು ತಲೆಮಾರು ಗೊತ್ತಿದ್ದರೆ ಭಾರತದ ಡಿಕ್ಕಿಯ ಚರಿತ್ರೆಯೇ ಗೊತ್ತಾದಂತೆ.

- 2008, ಮೊದಲನೆಯದು: ಉದ್ದ 4,160 ಮಿ.ಮೀ., ಡಿಕ್ಕಿ 440 ಲೀಟರ್.
- 2012, ಎರಡನೆಯದು: ಉದ್ದ 3,995 ಮಿ.ಮೀ., ಡಿಕ್ಕಿ 316 ಲೀಟರ್.
- 2017, ಮೂರನೆಯದು: ಉದ್ದ ಅದೇ 3,995, ಡಿಕ್ಕಿ 378 ಲೀಟರ್.
- 2024ರ ನವೆಂಬರ್ 11, ನಾಲ್ಕನೆಯದು: ಉದ್ದ ಅದೇ 3,995, ಡಿಕ್ಕಿ 382 ಲೀಟರ್.

2012ರಲ್ಲಿ 165 ಮಿ.ಮೀ. ಉದ್ದ ಕತ್ತರಿಸಿದಾಗ 124 ಲೀಟರ್ ಹೋಯಿತು. ಅಂದವೂ ಹೋಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಎತ್ತರ 1,555 ಮಿ.ಮೀ. ಇದ್ದ ಆ ಕಾರಿಗೆ ಛಾವಣಿ ಇಳಿಯಲು ಜಾಗವೇ ಸಾಲದೆ, ಡಿಕ್ಕಿ ಬೇರೆ ಕಾರಿನಿಂದ ತಂದು ಅಂಟಿಸಿದಂತೆ ಕಾಣುತ್ತಿತ್ತು. ಪಕ್ಕದಿಂದ ನೋಡಿದರೆ ಹಿಂದಿನ ಚಕ್ರದ ಆಚೆ ಒಂದು ಗಿಡ್ಡ ಗಂಟು.

2017ರಲ್ಲಿ ಎಂಜಿನಿಯರುಗಳು ಮಾಡಿದ್ದು ಓದಿ ಕಲಿಯುವಂಥ ಕೆಲಸ. ಉದ್ದ ಒಂದಿಷ್ಟೂ ಹೆಚ್ಚಿಸಲಿಲ್ಲ. ಅಗಲ 1,695ರಿಂದ 1,735ಕ್ಕೆ ಏರಿತು, ಎತ್ತರ 1,555ರಿಂದ 1,515ಕ್ಕೆ ಇಳಿಯಿತು, ವೀಲ್‌ಬೇಸ್ 2,430ರಿಂದ 2,450 ಆಯಿತು. ಅಗಲ 40 ಹೆಚ್ಚು, ಎತ್ತರ 40 ಕಡಿಮೆ: ಇಷ್ಟರಲ್ಲೇ ಕಾರು ನೆಲಕ್ಕೆ ಒರಗಿ ಕುಳಿತಂತಾಯಿತು, ಛಾವಣಿಯ ಗೆರೆ ಸಲೀಸಾಗಿ ಇಳಿಯಿತು, ಡಿಕ್ಕಿಗೆ 62 ಲೀಟರ್ ಬಂತು. ಅಂದ ಮತ್ತು ಉಪಯೋಗ ಒಂದನ್ನೊಂದು ತಿನ್ನಲೇಬೇಕೆಂದೇನಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ರಸ್ತೆಯಲ್ಲಿಲ್ಲ.

2024ರ ಡಿಜೈರ್‌ನಲ್ಲಿ ಗಮನಿಸಬೇಕಾದ್ದು ಮುಖ. ಮೊದಲ ಮೂರು ತಲೆಮಾರಿನಲ್ಲಿ ಸ್ವಿಫ್ಟ್ ಹ್ಯಾಚ್‌ಬ್ಯಾಕ್‌ನ ಮುಖದ ಛಾಯೆ ಇತ್ತು. ಈ ಬಾರಿ ಅಡ್ಡಪಟ್ಟಿಗಳ ದೊಡ್ಡ ಗ್ರಿಲ್ ಮತ್ತು ತೆಳು ಎಲ್‌ಇಡಿ ದೀಪ ಬಂದಿವೆ, ಸ್ವಿಫ್ಟ್ ನೆನಪಾಗುವುದಿಲ್ಲ. ಹಿಂದೆ ಇಂಗ್ಲಿಷಿನ ವೈ ಅಕ್ಷರದಂಥ ಕೆಂಪು ದೀಪಗಳು, ಅವುಗಳ ನಡುವೆ ಉದ್ದಕ್ಕೂ ಪಟ್ಟಿ. ಡಿಕ್ಕಿ ಮುಚ್ಚಳದ ಅಂಚನ್ನು ತುಸು ಮೇಲಕ್ಕೆ ಎತ್ತಿದ್ದಾರೆ. ನೋಡಲು ಸ್ಪಾಯ್ಲರ್‌ನಂತಿದೆ, ಗಾಳಿ ಅಲ್ಲಿ ಕತ್ತರಿಸಿದಂತೆ ಬಿಟ್ಟುಹೋಗಲೂ ನೆರವಾಗುತ್ತದೆ. ಬಾಲವನ್ನು ಹೀಗೆ ಥಟ್ಟನೆ ಕತ್ತರಿಸಿದರೂ ಗಾಳಿಯ ಎಳೆತ ಕಡಿಮೆ ಇಡಬಹುದೆಂದು 1930ರ ದಶಕದಲ್ಲಿ ತೋರಿಸಿದವರು ಜರ್ಮನಿಯ ವುನಿಬಾಲ್ಡ್ ಕಾಮ್.

ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಈ ಡಿಜೈರ್‌ಗೆ ವಯಸ್ಕರ ರಕ್ಷಣೆಯಲ್ಲಿ 5, ಮಕ್ಕಳ ರಕ್ಷಣೆಯಲ್ಲಿ 4 ನಕ್ಷತ್ರ. ಭಾರತದ್ದೇ ಆದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಮಾನದಂಡದ ಸಂಖ್ಯೆ ಎಐಎಸ್–197.

ಅಂದವನ್ನು ಅಳೆಯುವುದು

ಅಂದ ಅವರವರ ಕಣ್ಣಿಗೆ ಬಿಟ್ಟದ್ದು ಎಂದು ಬರೆದರೆ ಅಂಕ ಬರುವುದಿಲ್ಲ. ಅಳೆಯಬಲ್ಲ ಸಂಗತಿಗಳಿವೆ.

ಕಾರಿನಿಂದ ಹತ್ತು ಹೆಜ್ಜೆ ದೂರ ಪಕ್ಕಕ್ಕೆ ನಿಲ್ಲಿ. ಮೊದಲು ಚಕ್ರ ನೋಡಿ: ಬಾಡಿಯ ಗಾತ್ರಕ್ಕೆ ತಕ್ಕಷ್ಟು ದೊಡ್ಡದಿದೆಯೇ? ಡಿಜೈರ್‌ನ ಕೆಳಗಿನ ಮಾದರಿಗಳಿಗೆ 165/80 ಆರ್14, ಮೇಲಿನವಕ್ಕೆ 185/65 ಆರ್15 ಟೈರ್. ಬಾಡಿ ಅದೇ, ಆದರೂ 14 ಇಂಚಿನದು ಸ್ವಲ್ಪ ಬಡಕಲಾಗಿ ಕಾಣುತ್ತದೆ. ಆಮೇಲೆ ಚಕ್ರ ಮತ್ತು ಫೆಂಡರ್ ನಡುವಿನ ಸಂದು ನೋಡಿ. ನಮ್ಮ ರಸ್ತೆಗೆ ಸಂದು ಬೇಕು, ಎರೆ ಭೂಮಿಯಲ್ಲಿ ಮಳೆಗಾಲಕ್ಕೆ ಇನ್ನೂ ಬೇಕು. ಒದ್ದೆ ಎರೆ ಮಣ್ಣು ಚಕ್ರದ ಗೂಡಿನೊಳಗೆ ಮೆತ್ತಿಕೊಂಡು ಗಟ್ಟಿಯಾದರೆ ಟೈರಿಗೆ ಉಜ್ಜುತ್ತದೆ. ಚಿತ್ರದಲ್ಲಿ ಚೆಂದ ಕಾಣುವ ಬಿಗಿ ಫೆಂಡರ್ ಹೊಲದ ದಾರಿಯಲ್ಲಿ ಉಪದ್ರವ.

ಮೂರನೆಯದು ಸಿ–ಪಿಲ್ಲರ್. ಅದರ ಇಳಿಜಾರಿನ ಗೆರೆಯನ್ನು ಮನಸ್ಸಿನಲ್ಲೇ ಕೆಳಕ್ಕೆ ಎಳೆದರೆ ಹಿಂದಿನ ಚಕ್ರದ ಮೇಲೆ ಬೀಳಬೇಕು. ಚಕ್ರದಿಂದ ತೀರಾ ಹಿಂದಕ್ಕೆ ಬಿದ್ದರೆ ಡಿಕ್ಕಿ ಕಾಣೆಯಾದಂತೆ, ತೀರಾ ಮುಂದಕ್ಕೆ ಬಿದ್ದರೆ ಹಿಂದೆ ಕೂರುವವರ ತಲೆ ಛಾವಣಿಗೆ ತಾಗಿದಂತೆ. 4 ಮೀಟರ್ ಒಳಗಿನ ಕಾರಿನಲ್ಲಿ ಈ ಹೊಂದಾಣಿಕೆ ಬಲು ಕಷ್ಟ. 2017ರ ಟಾಟಾ ಟಿಗೋರ್ ಬೇರೆಯೇ ದಾರಿ ಹಿಡಿಯಿತು: ಗಾಜನ್ನು ಬಹಳ ಹಿಂದಕ್ಕೆ ಚಾಚಿ, ಡಿಕ್ಕಿ ಮುಚ್ಚಳವನ್ನು ಗಿಡ್ಡ ಮಾಡಿ, ಅದಕ್ಕೆ ಸ್ಟೈಲ್‌ಬ್ಯಾಕ್ ಎಂದು ಹೆಸರಿಟ್ಟಿತು. ಡಿಕ್ಕಿ 419 ಲೀಟರ್. ಚಿಕ್ಕ ಸೆಡಾನ್ ಎಂಬ ಕಟ್ಟುಪಾಡನ್ನು ಮುಚ್ಚಿಡದೆ ಅದನ್ನೇ ಆಕಾರ ಮಾಡಿಕೊಂಡ ಆ ಧೈರ್ಯ ನನಗೆ ಮೆಚ್ಚುಗೆ.

ಕೊನೆಯದು ಪ್ಯಾನೆಲ್ ಸಂದು. ಬಾನೆಟ್, ಬಾಗಿಲು, ಡಿಕ್ಕಿ ಮುಚ್ಚಳಗಳ ಸುತ್ತಲ ಸಂದು ಎರಡೂ ಪಕ್ಕ ಒಂದೇ ಸಮ ಇರಬೇಕು. ಇದು ಬರೀ ನೋಟದ ಮಾತಲ್ಲ. ಬೇಸಿಗೆಯ ಧೂಳು ಡಿಕ್ಕಿಯೊಳಗೆ ನುಗ್ಗುವುದು ಸಂದು ಹೆಚ್ಚಿದ ಕಡೆ, ರಬ್ಬರ್ ಬೀಡಿಂಗ್ ಮುಚ್ಚಳಕ್ಕೆ ಕಚ್ಚಿ ಕೂರದ ಕಡೆ.

ಲೀಟರ್ ಲೆಕ್ಕ

ಡಿಕ್ಕಿಯನ್ನು ಲೀಟರ್‌ನಲ್ಲಿ ಹೇಳುತ್ತಾರೆ, ಆದರೆ ಯಾರೂ ನೀರು ತುಂಬಿ ಅಳೆಯುವುದಿಲ್ಲ. ಜರ್ಮನಿಯ ವಾಹನ ಉದ್ಯಮ ಸಂಘದ ವಿಡಿಎ ವಿಧಾನದಲ್ಲಿ 200 × 100 × 50 ಮಿ.ಮೀ. ಅಳತೆಯ ಗಟ್ಟಿ ತುಂಡುಗಳನ್ನು ಡಿಕ್ಕಿಯೊಳಗೆ ಜೋಡಿಸುತ್ತಾರೆ. ಒಂದು ತುಂಡು ಸರಿಯಾಗಿ 1 ಲೀಟರ್. ಎಷ್ಟು ತುಂಡು ಹಿಡಿಯಿತೋ ಅಷ್ಟು ಲೀಟರ್. ಇದರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3832.

ಇದರಲ್ಲಿರುವ ತೊಡಕು ಅರ್ಥವಾಗಬೇಕು. ಅಷ್ಟು ಚಿಕ್ಕ ತುಂಡು ಮೂಲೆಮೂಲೆಗೂ ಹೋಗಿ ಕೂರುತ್ತದೆ. ಚಕ್ರದ ಗೂಡಿನ ಹಿಂದಿನ ಕುಳಿ, ಟೇಲ್‌ಲ್ಯಾಂಪ್ ಪಕ್ಕದ ಸಂದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮನೆಯ ಸೂಟ್‌ಕೇಸ್ ಅಲ್ಲಿಗೆ ಹೋಗುವುದಿಲ್ಲ. ಆದ್ದರಿಂದ 400 ಲೀಟರ್‌ನ ಚೌಕ ಡಿಕ್ಕಿ 420 ಲೀಟರ್‌ನ ಅಂಕುಡೊಂಕು ಡಿಕ್ಕಿಗಿಂತ ಹೆಚ್ಚು ಸಾಮಾನು ಹಿಡಿಯಬಹುದು.

ಬಾಯಿಪಾಠಕ್ಕೆ: ಹೋಂಡಾ ಅಮೇಜ್ (2024ರ ಡಿಸೆಂಬರ್) 416, ಹ್ಯುಂಡೈ ಔರಾ (2020) 402, ಹೋಂಡಾ ಸಿಟಿ (2020) 506, ಮಾರುತಿ ಸಿಯಾಜ್ 510, ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ (ಎರಡೂ 2022) ತಲಾ 521, ಹ್ಯುಂಡೈ ವರ್ನಾ (2023) 528 ಲೀಟರ್.

ಡಿಕ್ಕಿಯ ಬಾಯಿ

ಒಳಗಿನ ಜಾಗದಷ್ಟೇ ಮುಖ್ಯವಾದದ್ದು ಸಾಮಾನು ಒಳಹೋಗುವ ಬಾಯಿ. ಮೂರು ಅಳತೆ ತೆಗೆದುಕೊಳ್ಳಬೇಕು: ಬಾಯಿಯ ಅಗಲ, ಹಿಂದಿನ ಗಾಜಿನ ಬುಡದಿಂದ ಬಂಪರ್ ಅಂಚಿನವರೆಗಿನ ತೆರಪು, ನೆಲದಿಂದ ಹೊಸ್ತಿಲಿನ ಎತ್ತರ. ಹಿಂದಿನ ಗಾಜು ಹೆಚ್ಚು ಓರೆಯಾಗಿ ಹಿಂದಕ್ಕೆ ಬಂದಷ್ಟೂ ಎರಡನೆಯ ಅಳತೆ ಕುಗ್ಗುತ್ತದೆ. ಫಾಸ್ಟ್‌ಬ್ಯಾಕ್ ಸೊಬಗಿಗೆ ತೆರುವ ಬೆಲೆ ಇದು. 528 ಲೀಟರ್ ಇದ್ದೂ ದೊಡ್ಡ ರಟ್ಟಿನ ಡಬ್ಬಿ ಒಳಗೆ ಹೋಗಲಿಲ್ಲ ಎಂದರೆ ತಪ್ಪು ಡಬ್ಬಿಯದಲ್ಲ, ಗಾಜಿನ ಓರೆಯದು.

ಮಾನ್ವಿಯ ಅಕ್ಕಿ ಗಿರಣಿಯ ಮುಂದೆ ಸೆಡಾನ್ ನಿಲ್ಲಿಸಿ ಸೋನಾ ಮಸೂರಿ ಹಾಕಿಸಿಕೊಳ್ಳುವುದನ್ನು ನೋಡಿದರೆ ಹೊಸ್ತಿಲಿನ ಎತ್ತರ ಎಂದರೇನು ಎಂದು ತಿಳಿಯುತ್ತದೆ. ಹಮಾಲ ಚೀಲವನ್ನು ಹೆಗಲಿನಿಂದ ಇಳಿಸಿ ಮೊದಲು ಬಂಪರ್ ಮೇಲೆ ತಾಗಿಸುತ್ತಾನೆ, ಮೊಣಕಾಲಿನಿಂದ ಒತ್ತಿ ಹೊಸ್ತಿಲು ದಾಟಿಸುತ್ತಾನೆ, ಆಮೇಲೆ ಅದು ಅರ್ಧ ಅಡಿ ಕೆಳಗಿನ ಡಿಕ್ಕಿ ತಳಕ್ಕೆ ಧೊಪ್ಪೆಂದು ಬೀಳುತ್ತದೆ. ಇಳಿಸುವಾಗ ಮನೆಯಲ್ಲಿ ಹಮಾಲ ಇರುವುದಿಲ್ಲ. ಆ ಅರ್ಧ ಅಡಿ ಗುಂಡಿಯಿಂದ ಸೊಂಟ ಬಗ್ಗಿಸಿ ಚೀಲ ಎತ್ತಬೇಕು. ಒಂದೆರಡು ಸುಗ್ಗಿ ಕಳೆಯುವಷ್ಟರಲ್ಲಿ ಬಂಪರ್‌ನ ನೆತ್ತಿಯ ಬಣ್ಣ ಕೆರೆದು ಒಳಗಿನ ಪ್ಲಾಸ್ಟಿಕ್ ಕಾಣಿಸುತ್ತದೆ. ಹೊಸ್ತಿಲು ತಗ್ಗಿದ್ದು, ತಳ ಅದರ ಸಮಕ್ಕಿದ್ದರೆ ಸೊಂಟವೂ ಉಳಿಯಿತು, ಬಣ್ಣವೂ ಉಳಿಯಿತು. ಬಂಪರ್ ನೆತ್ತಿಗೆ ರಬ್ಬರ್ ಪಟ್ಟಿ ಹಾಕಿಸುವುದು ಕಡಿಮೆ ಖರ್ಚಿನ, ಎಲ್ಲರೂ ಮರೆಯುವ ಕೆಲಸ.

ಕೀಲು: ಮುಚ್ಚಳದ ಕೀಲು ಎರಡು ಬಗೆ. ಹಂಸದ ಕೊರಳಿನಂತೆ ಬಾಗಿದ ಸರಳು ಮುಚ್ಚುವಾಗ ಡಿಕ್ಕಿಯೊಳಗೆ ಇಳಿಯುತ್ತದೆ, ಅದರ ಕೆಳಗಿಟ್ಟ ರೊಟ್ಟಿ ಬುಟ್ಟಿಯನ್ನು ಅಮುಕುತ್ತದೆ. ಗ್ಯಾಸ್ ಸ್ಟ್ರಟ್ ಮತ್ತು ನಾಲ್ಕು ಕೊಂಡಿಯ ಕೀಲು ಹೊರಗೇ ಮಡಚಿಕೊಳ್ಳುತ್ತದೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಸಜ್ಜಿ ರೊಟ್ಟಿ, ಭರ್ತ, ಶೇಂಗಾ ಹೋಳಿಗೆ ಒಯ್ಯುವ ಮನೆಗೆ ಈ ವ್ಯತ್ಯಾಸ ದೊಡ್ಡದು. ಎಷ್ಟು ಲೀಟರ್ ಎಂದು ಕೇಳುವ ಬದಲು ಸರಳು ಎಲ್ಲಿಗೆ ಇಳಿಯುತ್ತದೆ ಎಂದು ಕೇಳಿ.

ಸ್ಟೆಪ್ನಿ: ಸಾಮಾನ್ಯವಾಗಿ ಡಿಕ್ಕಿ ತಳದ ಹಲಗೆಯ ಕೆಳಗೆ ಇರುತ್ತದೆ. ಮದುವೆ ಸಾಮಾನು ತುಂಬಿ ಹೊರಟಾಗ ಸಿರವಾರದ ಹತ್ತಿರ ಪಂಕ್ಚರ್ ಆದರೆ ಇಡೀ ಡಿಕ್ಕಿ ರಸ್ತೆಗೆ ಇಳಿಸಬೇಕು. ಪೂರ್ಣ ಅಳತೆಯ ಸ್ಟೆಪ್ನಿಯೋ, ತೆಳು ತಾತ್ಕಾಲಿಕ ಚಕ್ರವೋ ಎಂಬುದನ್ನೂ ನೋಡಿಕೊಳ್ಳಬೇಕು. ತಾತ್ಕಾಲಿಕ ಚಕ್ರದಲ್ಲಿ ವೇಗದ ಮಿತಿ ಬರೆದಿರುತ್ತದೆ.

ಹಿಂದಿನ ಸೀಟು: ಡಿಜೈರ್‌ನ ಹಿಂದಿನ ಬೆನ್ನುಸೀಟು ಮಡಚುವುದಿಲ್ಲ. ಸ್ಲಾವಿಯಾದಲ್ಲಿ 60:40 ಭಾಗವಾಗಿ ಮಡಚುತ್ತದೆ, ಆಗ ಜಾಗ 1,050 ಲೀಟರ್. ಸ್ಪ್ರೇಯರ್ ಕೊಳವೆ, ಪಿವಿಸಿ ಪೈಪು ಒಯ್ಯುವವರಿಗೆ ಇದು ಬೇಕು. ಮಡಚದ ಸೀಟಿನ ಹಿಂದೆ ಲೋಹದ ಗೋಡೆ ಕೊಡಲು ಸುಲಭ, ಬಾಡಿ ಬಿಗಿಯಾಗುತ್ತದೆ, ಸಾಮಾನಿನ ಸದ್ದೂ ವಾಸನೆಯೂ ಒಳಗೆ ಬರುವುದಿಲ್ಲ. ಒಣಮೆಣಸಿನಕಾಯಿ ಒಯ್ದವರಿಗೆ ಈ ಗೋಡೆಯ ಬೆಲೆ ಗೊತ್ತು.

ಮೊದಲು ತುಂಬುವುದು ಲೀಟರೋ, ಕೆ.ಜಿ.ಯೋ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿ ಭಾಗ ಭತ್ತದ ಸೀಮೆಯಾಯಿತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ. ಭತ್ತ, ಹತ್ತಿ, ಮೆಣಸಿನಕಾಯಿ ಮೂರೂ ಈ ಸೀಮೆಯ ಬೆಳೆ. ಡಿಕ್ಕಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಡ.

ಅಕ್ಕಿ ಒಂದು ಲೀಟರ್‌ಗೆ ಸುಮಾರು 0.8 ಕೆ.ಜಿ. ತೂಗುತ್ತದೆ. 26 ಕೆ.ಜಿ. ಚೀಲಕ್ಕೆ ಹೆಚ್ಚುಕಡಿಮೆ 33 ಲೀಟರ್ ಜಾಗ. (25 ಇದ್ದದ್ದು 26 ಆದದ್ದು ಏಕೆ? 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಧಾನ್ಯಕ್ಕೆ ಶೇ 5 ಜಿಎಸ್‌ಟಿ ಬಂತು, ಗಿರಣಿಗಳು ಒಂದು ಕೆ.ಜಿ. ಏರಿಸಿದವು.) ಲೀಟರ್ ಲೆಕ್ಕದಲ್ಲಿ ಡಿಜೈರ್ ಡಿಕ್ಕಿಗೆ 11 ಚೀಲ ಹಿಡಿಯಬೇಕು. ತೂಕ 286 ಕೆ.ಜಿ. ಅಷ್ಟನ್ನು ಅಲ್ಲಿ ಹೇರಬಾರದು. ಅಕ್ಕಿಯಲ್ಲಿ ಕೆ.ಜಿ. ಮೊದಲು ಮುಗಿಯುತ್ತದೆ.

ಒಣಮೆಣಸಿನಕಾಯಿ ಇದಕ್ಕೆ ತದ್ವಿರುದ್ಧ. ಚೀಲ ನೋಡಲು ಗುಡಾಣದಷ್ಟು, ತೂಕ ಕಡಿಮೆ. ಅಲ್ಲಿ ಲೀಟರ್ ಮೊದಲು ಮುಗಿಯುತ್ತದೆ, ಅದಕ್ಕೂ ಮೊದಲು ಬಾಯಿ ಅಡ್ಡ ಬರುತ್ತದೆ. ಹತ್ತಿಯಂತೂ ಸೆಡಾನ್‌ನ ಸರಕೇ ಅಲ್ಲ.

ಲೆಕ್ಕದ ಪ್ರಶ್ನೆ: ವೀಲ್‌ಬೇಸ್ 2,450 ಮಿ.ಮೀ. ಇರುವ ಕಾರಿನ ಹಿಂದಿನ ಆಕ್ಸಲ್‌ನಿಂದ 500 ಮಿ.ಮೀ. ಹಿಂದೆ 100 ಕೆ.ಜಿ. ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಎಷ್ಟು ಹೆಚ್ಚು ಬೀಳುತ್ತದೆ? ಮುಂದಿನ ಆಕ್ಸಲ್‌ನಿಂದ ಮೊಮೆಂಟ್ ತೆಗೆದುಕೊಳ್ಳಿ: 100 × 2,950 ÷ 2,450 = ಸುಮಾರು 120 ಕೆ.ಜಿ. ಇಟ್ಟದ್ದು 100, ಬಿದ್ದದ್ದು 120. ಹೆಚ್ಚಿನ 20 ಕೆ.ಜಿ. ಮುಂದಿನ ಆಕ್ಸಲ್‌ನಿಂದ ಎತ್ತಿದ್ದು. ಬಂಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಭಾರ ಆದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ಕಾರಿನಲ್ಲಿ ಸ್ಟಿಯರಿಂಗ್ ಹಗುರಾಗುತ್ತದೆ, ಮುಂಚಕ್ರದ ಹಿಡಿತ ಕುಂದುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಡಿಜೈರ್, ಅಮೇಜ್, ಔರಾ, ಟಿಗೋರ್ ಎಲ್ಲವೂ ಮುಂಚಕ್ರ ಚಾಲನೆಯವಾದ್ದರಿಂದ ಎಳೆತವೂ ತಗ್ಗುತ್ತದೆ. ಭಾರದ ಸಾಮಾನು ಸೀಟಿನ ಬೆನ್ನಿಗೆ ಒತ್ತಿ, ತಳಕ್ಕೆ ಇಡಿ. ಹಗುರವಾದದ್ದು ಬಂಪರ್ ಕಡೆಗೆ, ಮೇಲಕ್ಕೆ. ಹೆಡ್‌ಲೈಟ್ ತಗ್ಗಿಸುವ ಗುಂಡಿ ಡ್ಯಾಶ್‌ಬೋರ್ಡ್‌ನಲ್ಲಿರುತ್ತದೆ, ಅದನ್ನು ಬಳಸಿ.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನದ ಕಲ್ಲಿದೆ, 41 ಅಡಿಗೂ ಉದ್ದ. ಆ ಭಾರೀ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಭಾರ ಹಂಚುವ ಪಾಠ ಓದುವ ವಿದ್ಯಾರ್ಥಿ ಒಮ್ಮೆ ಹೋಗಿ ನೋಡಬೇಕು.

ದೇವದುರ್ಗದ ರಸ್ತೆ ಮತ್ತು ಹೊಟ್ಟೆಯ ಎತ್ತರ

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಅಲೆ ಅಲೆಯಾಗುವುದು ಇದರಿಂದಲೇ. ಇಂಥ ರಸ್ತೆಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ ಒಂದೇ ಅಂಕಿ ನೋಡಿದರೆ ಸಾಲದು, ವೀಲ್‌ಬೇಸ್ ಜೊತೆ ನೋಡಬೇಕು. ಚಕ್ರಗಳ ಅಂತರ ಹೆಚ್ಚಿದಷ್ಟೂ ದಿಬ್ಬದ ನೆತ್ತಿ ಹೊಟ್ಟೆಗೆ ತಾಗುವ ಸಂಭವ ಹೆಚ್ಚು. ಡಿಜೈರ್ 163 ಮಿ.ಮೀ. ಮತ್ತು 2,450, ಸ್ಲಾವಿಯಾ 179 ಮತ್ತು 2,651, ಸಿಟಿ 165 ಮತ್ತು 2,600. ಲೆಕ್ಕ ಹಾಕಿದರೆ ಮೊದಲೆರಡರ ಬ್ರೇಕ್‌ಓವರ್ ಕೋನ (ಹೊಟ್ಟೆ ತಾಗದೆ ದಾಟಬಲ್ಲ ದಿಬ್ಬದ ಕೋನ) ಸುಮಾರು 15 ಡಿಗ್ರಿ, ಸಿಟಿಯದು ಅದಕ್ಕಿಂತ ಕಡಿಮೆ. 16 ಮಿ.ಮೀ. ಎತ್ತರವಿದ್ದರೂ ಸ್ಲಾವಿಯಾಕ್ಕೆ ಡಿಜೈರ್ ಮೇಲೆ ದೊಡ್ಡ ಮೇಲುಗೈ ಇಲ್ಲ ಎಂಬುದು ಪರೀಕ್ಷೆಯಲ್ಲಿ ಬರೆಯಬೇಕಾದ ಅಂಶ.

ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ:99 ಪ್ರಕಾರ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ದುಂಡಿನಲ್ಲಿರಬೇಕು. ಅಂಥದ್ದನ್ನು ಯಾವ ಸೆಡಾನ್ ಆದರೂ ದಾಟುತ್ತದೆ. ಊರವರೇ ಹಾಕಿಕೊಂಡ ಚೂಪು ಉಬ್ಬುಗಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಕ್ಯಾಟಲಾಗ್‌ನ ಕ್ಲಿಯರೆನ್ಸ್ ಹೆಚ್ಚಾಗಿ ಖಾಲಿ ಕಾರಿನದು. ಐದು ಜನ ಕೂತು ಡಿಕ್ಕಿ ತುಂಬಿದ ಮೇಲೆ ಹಿಂಭಾಗ ತಗ್ಗುತ್ತದೆ, ಉಬ್ಬು ಇಳಿಯುವಾಗ ಕೆರೆಯುವುದು ಹಿಂದಿನ ಬಂಪರ್‌ನ ಕೆಳತುದಿ. ಗಿಡ್ಡ ಓವರ್‌ಹ್ಯಾಂಗ್‌ನ ಕಾರು ಇಲ್ಲಿ ಗೆಲ್ಲುತ್ತದೆ. ನೋಟದಲ್ಲಿ ಸೋತ 4 ಮೀಟರ್ ನಿಯಮ ಹಳ್ಳಿ ರಸ್ತೆಯಲ್ಲಿ ಹೀಗೆ ನೆರವಿಗೆ ಬರುತ್ತದೆ.

ಸಿಎನ್‌ಜಿ, ಹೈಬ್ರಿಡ್: ಡಿಕ್ಕಿಯ ಪಾಲುದಾರರು

ಡಿಜೈರ್ ಸಿಎನ್‌ಜಿಯ ಸಿಲಿಂಡರ್ 55 ಲೀಟರ್ ನೀರಿನ ಅಳತೆಯದು, ಡಿಕ್ಕಿಯೊಳಗೇ ಕೂರುತ್ತದೆ. ಮೈಲೇಜ್ ಕೆ.ಜಿ.ಗೆ 33.73 ಕಿ.ಮೀ. ಎಂದು ಕಂಪನಿ ಹೇಳುತ್ತದೆ, ಆದರೆ 382 ಲೀಟರ್ ಮರೆತುಬಿಡಬೇಕು. ಟಾಟಾ ಒಂದು ದೊಡ್ಡ ಸಿಲಿಂಡರ್ ಬದಲು ಎರಡು ಚಿಕ್ಕವನ್ನು ತಳದ ಹಲಗೆಯ ಕೆಳಗೆ ಮಲಗಿಸಿತು. ಈ ಜೋಡಣೆ 2023ರ ಮೇನಲ್ಲಿ ಆಲ್ಟ್ರೋಜ್ ಹ್ಯಾಚ್‌ಬ್ಯಾಕ್‌ಗೆ, ಅದೇ ವರ್ಷ ಟಿಗೋರ್‌ಗೆ ಬಂತು. ಮೇಲೆ ಮಟ್ಟಸ ಜಾಗ ಸಿಗುತ್ತದೆ. ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೊ ಪರೀಕ್ಷೆ ಕಡ್ಡಾಯ, ಹೊರಗೆ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು. ಹೋಂಡಾ ಸಿಟಿ ಹೈಬ್ರಿಡ್‌ನಲ್ಲಿ (2022) ಬ್ಯಾಟರಿ ಹಿಂದೆ ಇರುವುದರಿಂದ ಡಿಕ್ಕಿ 506ರಿಂದ 306ಕ್ಕೆ ಇಳಿಯಿತು.

ಕಾನೂನು, ಬಿಸಿಲು

- ಗಾಜು: ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಬೆಳಕು ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಹಾಯಬೇಕು. ಕಪ್ಪು ಫಿಲಂ ಅಂಟಿಸುವುದಕ್ಕೆ ಸುಪ್ರೀಂ ಕೋರ್ಟ್ 2012ರಲ್ಲಿ ತಡೆ ಹಾಕಿತು.
- ರಿವರ್ಸ್ ಸೆನ್ಸರ್: 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಕಡ್ಡಾಯ. ಡಿಕ್ಕಿ ಎತ್ತರಿಸಿದ ಸೆಡಾನ್‌ನಲ್ಲಿ ಹಿಂದೆ ನಿಂತ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ. ಈ ನಿಯಮ ಬಂದದ್ದು ಒಳ್ಳೆಯದಾಯಿತು.
- ಬುಲ್ ಬಾರ್: 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಷೇಧಿಸಿತು. ಚೆಂದಕ್ಕೆಂದು ಹಾಕಿಸಿದರೂ ತಪ್ಪು.
- ವರ್ಗ: ಚಾಲಕನ ಹೊರತು ಎಂಟು ಸೀಟು ಮೀರದ ಪ್ರಯಾಣಿಕ ವಾಹನ ಎಂ1. ಸೆಡಾನ್ ಇದರಲ್ಲೇ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬಣ್ಣವೂ ಸಲಕರಣೆಯೇ. ಬಿಳಿ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಹೀರುತ್ತದೆ. ಡಿಕ್ಕಿಗೆ ಎಸಿ ಗಾಳಿ ನೇರವಾಗಿ ಬರುವುದಿಲ್ಲ, ಅಲ್ಲಿ ಔಷಧಿ, ಕೀಟನಾಶಕ, ಹಾಲು, ಲೈಟರ್ ಬಿಡಬಾರದು. ಸನ್‌ರೂಫ್ ಇದ್ದರೆ ಒಳಗಿನ ಪರದೆ ದಪ್ಪವಿದೆಯೇ ನೋಡಿ.

ಪ್ರಾಯೋಗಿಕ: ಶೋರೂಮಿನಲ್ಲಿ ಮಾಡಬೇಕಾದ್ದು

ಅಳತೆ ಟೇಪು ಜೇಬಿನಲ್ಲಿರಲಿ, ಮನೆಯ ಅತಿ ದೊಡ್ಡ ಸೂಟ್‌ಕೇಸ್ ಜೊತೆಗಿರಲಿ. ಸೂಟ್‌ಕೇಸ್ ಅಡ್ಡಡ್ಡ ಮಲಗಿಸಿ, ಆಮೇಲೆ ನಿಲ್ಲಿಸಿ, ಎರಡೂ ಸಲ ಮುಚ್ಚಳ ಹಾಕಿ. ಡಿಕ್ಕಿ ಬೀಗ ಹೊರಗಿನಿಂದ ಗುಂಡಿ ಒತ್ತಿದರೆ ತೆರೆಯುತ್ತದೆಯೋ, ಒಳಗಿನ ಲಿವರ್ ಎಳೆಯಲೇಬೇಕೋ ಕೇಳಿ. ಮುಚ್ಚಳದ ಒಳಮೈಯಲ್ಲಿ ಕೈಹಿಡಿಕೆ ಇಲ್ಲದಿದ್ದರೆ ಪ್ರತಿ ಸಲ ಧೂಳು ಹಿಡಿದ ಹೊರಮೈಯನ್ನೇ ಮುಟ್ಟಬೇಕಾಗುತ್ತದೆ. ತಳದ ಹಲಗೆ ಎತ್ತಿ ಸ್ಟೆಪ್ನಿ, ಜಾಕ್, ಪಾನಾ ಇವೆಯೇ ನೋಡಿ, ಅಲ್ಲಿ ನೀರು ನಿಂತ ಗುರುತಿದ್ದರೆ ಬೀಡಿಂಗ್ ಸರಿ ಇಲ್ಲ. ಹಿಂದಿನ ಸೀಟಿನಲ್ಲಿ ಮನೆಯ ಅತಿ ಎತ್ತರದವರನ್ನು ಕೂರಿಸಿ, ತಲೆ ಮತ್ತು ಛಾವಣಿ ನಡುವೆ ಕೈ ಆಡಿಸಿ. ಟೆಸ್ಟ್ ಡ್ರೈವ್ ಕೇಳುವಾಗ ಒಬ್ಬರೇ ಹೋಗದೆ ಐವರನ್ನು ಕೂರಿಸಿಕೊಂಡು, ನಿಮ್ಮ ಊರ ದಾರಿಯಲ್ಲಿರುವ ಅತಿ ಚೂಪಾದ ಉಬ್ಬಿನ ಮೇಲೆ ನಿಧಾನಕ್ಕೆ ಓರೆಯಾಗಿ ಇಳಿಸಿ ನೋಡಿ.